ಮಾಸ್ಟರಿಗೆ ಮೂರು ಬೆರಳು ವಿಭೂತಿ

ಅಮರಗುಂಡಪ್ಪ: ಮಾಸ್ತರ ಅಂತ ನಿನ್ನ ಇಟ್ಕೊಂಡೀನಲ್ಲೋ ಜಿಲಾನಿ. ಮತ್ತ ಇನ್ನೊಬ್ಬ ಮಾಸ್ತರ ಯಾಕ ಬೇಕು?

ಜಿಲಾನಿಸಾಬ್: ಮಾಸ್ತರ ಅಲ್ರೀ ಸಾವ್ಕಾರ್ರೆ, ಮಾಸ್ಟರ್. ಡಬ್ಬಿ ಒಳಗ ಇರೋದು.

ಅಮರಗುಂಡಪ್ಪ: ಡಬ್ಬಿ ಒಳಗ ಕುಂತು ಪಾಠ ಹೇಳೋ ಮಾಸ್ತರ ಸಿಂಧನೂರಿಗೆ ಇನ್ನೂ ಬಂದಿಲ್ಲ. ಬಂದ್ರೂ ಉಸಿರು ಕಟ್ಟಿ ಸಾಯ್ತಾನ.

ತೊಂಬತ್ಮೂರನೇ ಇಸವಿಯ ಒಂದು ಮುಂಜಾನೆ. ಭತ್ತ, ಗೊಬ್ಬರ, ಕ್ರಿಮಿನಾಶಕ ಮೂರೂ ವ್ಯಾಪಾರಗಳನ್ನು ಗೆದ್ದು, ಗೆಲ್ಲಲು ಇನ್ನೇನೂ ಉಳಿಯದೆ ಚಡಪಡಿಸುತ್ತಿದ್ದ ಅಮರಗುಂಡಪ್ಪ ಈಗ ಕಂಪ್ಯೂಟರಿನ ಮೇಲೆ ದಂಡೆತ್ತಿ ಹೊರಟಿದ್ದ. ಗೊಬ್ಬರದ ಗೋದಾಮಿಗೆ ಸುಣ್ಣ ಬಳಿಸಿ, ಹೈದರಾಬಾದಿನಿಂದ ನಾಲ್ಕು ಹಳೆಯ ಕಂಪ್ಯೂಟರ್ ತರಿಸಿ, ಬಾಗಿಲಿಗೆ ತೋರಣ ಕಟ್ಟಿ, ತರಬೇತಿ ಕೇಂದ್ರವೆಂದು ಹೆಸರಿಟ್ಟಿದ್ದ. ಅಂದೇ ಮಧ್ಯಾಹ್ನ ಉದ್ಘಾಟನೆ. ಅದಕ್ಕೆ ಲಿಂಗಸುಗೂರಿನಿಂದ ಕರಿಬಸಯ್ಯ ಬರುವವನಿದ್ದ. ಕರಿಬಸಯ್ಯ ಅಲ್ಲಿ ಟೈಪಿಂಗ್ ಶಾಲೆ ನಡೆಸುವ ಹಳೆಯ ಗೆಳೆಯ. 'ನಿನಗ ಗೊಬ್ಬರ ಬಿಟ್ಟು ಬ್ಯಾರೆ ಏನು ಗೊತ್ತಲೇ' ಎಂದು ಮಸ್ಕಿ ಬಸ್ ನಿಲ್ದಾಣದಲ್ಲಿ ನಾಲ್ಕು ಜನರ ಮುಂದೆ ಅಂದುಬಿಟ್ಟಿದ್ದವನು. ಆ ಮಾತಿಗೆ ಉತ್ತರವಾಗಿ ಈ ಕೇಂದ್ರ ಎದ್ದು ನಿಂತಿತ್ತು.

ತುರ್ವಿಹಾಳದ ಜಿಲಾನಿಸಾಬ್ ಹೈದರಾಬಾದಿನಲ್ಲಿ ಕಂಪ್ಯೂಟರ್ ಕಲಿತು ಬಂದವನು. ಅವನು ಎರಡನೆಯ ಸಲ ಬಿಡಿಸಿ ಹೇಳಿದ. ಮೊದಲು ಒಂದು ಕಂಪ್ಯೂಟರಿಗೆ ಬೇಕಾದ ತಂತ್ರಾಂಶಗಳನ್ನೆಲ್ಲ ತುಂಬಬೇಕು. ಅದು ಮಾಸ್ಟರ್. ಉಳಿದ ಮೂರೂ ಅದರ ನಕಲು. ಮಾಸ್ಟರಿನಲ್ಲಿ ಇದ್ದದ್ದು ಎಲ್ಲದರಲ್ಲೂ ಇರುತ್ತದೆ, ಇಲ್ಲದ್ದು ಯಾವುದರಲ್ಲೂ ಇರುವುದಿಲ್ಲ. ಅಮರಗುಂಡಪ್ಪ ಗೋಡೆಯ ಹಲ್ಲಿಯನ್ನು ನೋಡುತ್ತ ತಲೆಯಾಡಿಸಿದ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಶೇಖರಮ್ಮನಿಗೆ ಕನಿಕರ ಬಂತು.

ಶೇಖರಮ್ಮ: ಹೆಪ್ಪು ಇದ್ದಂಗ್ರೀ. ಒಂದು ಗಡಿಗಿ ಮೊಸರು ಚಲೋ ಆತಂದ್ರ ಅದರಿಂದ ಉಳಿದ ಗಡಿಗಿ. ಅದು ಹುಳಿ ಆತಂದ್ರ ಮನಿ ತುಂಬ ಹುಳಿ.

ಜಿಲಾನಿಸಾಬ್: ಬರೋಬ್ಬರಿ ಹೇಳಿದ್ರಿ ಅಕ್ಕಾರೆ.

ಅಮರಗುಂಡಪ್ಪ: ನಾನೂ ಅದನ್ನಽ ಹೇಳಾಕ ಹೊಂಟಿದ್ದೆ.

ಮೇಜಿನ ಮೇಲೆ ಚೌಕ ಹಪ್ಪಳದಂಥ ಕರಿಯ ಫ್ಲಾಪಿಗಳು ಸಾಲಾಗಿ ಮಲಗಿದ್ದವು, ಒಂದೊಂದರಲ್ಲಿ ಒಂದೊಂದು ತಂತ್ರಾಂಶ. ಅಮರಗುಂಡಪ್ಪ ಕುರ್ಚಿ ಎಳೆದುಕೊಂಡು, ಕುದುರೆ ಕೊಳ್ಳಲು ಬಂದ ಪಾಳೇಗಾರನ ಗತ್ತಿನಲ್ಲಿ ಕೂತ.

ಜಿಲಾನಿಸಾಬ್: ಇದು ವರ್ಡ್‌ಸ್ಟಾರ್ ರೀ. ಇಂಗ್ಲಿಷ್ ಪತ್ರ ಬರಿಯಾಕ.

ಅಮರಗುಂಡಪ್ಪ: ಹಾಕು. ಕರಿಬಸಯ್ಯಗ ಹಾಡಹಗಲೇ ಸ್ಟಾರ್ ಕಾಣಬೇಕು.

ಜಿಲಾನಿಸಾಬ್: ಇದು ಲೋಟಸ್.

ಅಮರಗುಂಡಪ್ಪ: ಲೋಟಾ ಯಾಕಲೇ? ಚಹಾದಂಗಡಿ ಬಾಜೂಕ ಐತೆಲ್ಲ.

ಜಿಲಾನಿಸಾಬ್: ಲೋಟಾ ಅಲ್ರೀ. ಕೂಡಸೋದು, ಕಳಿಯೋದು ತಾನಽ ಮಾಡ್ತೈತಿ.

ಅಮರಗುಂಡಪ್ಪ: ಅದನ್ನ ನಾ ಬಾಯಿಲೇ ಮಾಡ್ತೀನಿ. ಇರಲಿ, ಹಾಕು. ಮುಂದ?

ಜಿಲಾನಿಸಾಬ್: ಡಿಬೇಸ್.

ಅಮರಗುಂಡಪ್ಪ: ಬೇಸ್ ಐತೇನು?

ಜಿಲಾನಿಸಾಬ್: ಡಿಬೇಸ್ ರೀ.

ಅಮರಗುಂಡಪ್ಪ: ಅದನ್ನಽ ಕೇಳಾಕತ್ತೀನಿ. ಬೇಸ್ ಐತೋ ಇಲ್ಲೋ?

ಜಿಲಾನಿಸಾಬ್: ಬೇಸ್ ಐತ್ರೀ.

ಅಮರಗುಂಡಪ್ಪ: ಹಂಗಾರ ಹಾಕು. ಇಷ್ಟು ಹೇಳಾಕ ಎಷ್ಟು ಎಳದಾಡ್ತೀಯೋ ಮಾರಾಯ.

ಬೇಸ್ ಎಂದರೆ ಆ ಸೀಮೆಯಲ್ಲಿ ಚೆನ್ನಾಗಿದೆ ಎಂದರ್ಥ. ಹೀಗೆ ಡಿಬೇಸ್ ಬರೀ ಹೆಸರಿನ ಬಲದಿಂದ ಪಾಸಾಯಿತು. ಅದು ಏನು ಕೆಲಸ ಮಾಡುತ್ತದೆಂದು ಇವನು ಕೇಳಲಿಲ್ಲ, ಅವನು ಹೇಳಲಿಲ್ಲ. ಇನ್ನೆರಡು ಫ್ಲಾಪಿ ಉಳಿದಿದ್ದವು. ಅವೆರಡಕ್ಕೂ ಕಂಪ್ಯೂಟರಿನೊಳಗೆ ಜಾಗವಿದೆ, ಅವು ಹೋದ ಮೇಲೆ ಮಾತ್ರ ಭರ್ತಿಯಾಗುತ್ತದೆ ಎಂದು ಜಿಲಾನಿಸಾಬ್ ಹೇಳಿದ್ದೇ ತಪ್ಪಾಯಿತು. ಗೋದಾಮನ್ನು ಬಾಗಿಲ ಮಟ ತುಂಬಿದರೆ ಹಮಾಲರು ಓಡಾಡುವುದೆಲ್ಲಿ ಎಂದು ಅಮರಗುಂಡಪ್ಪ ತನ್ನ ಜೀವಮಾನದ ಅನುಭವವನ್ನು ಕಂಪ್ಯೂಟರಿನ ತಲೆಗೆ ಕಟ್ಟಿದ.

ಜಿಲಾನಿಸಾಬ್: ಇದರಾಗ ಹಮಾಲರು ಇಲ್ರೀ. ಇದು ವೈರಸ್ ಓಡಸೋ ಫ್ಲಾಪಿ, ಇರಬೇಕು.

ಅಮರಗುಂಡಪ್ಪ: ವೈರಸ್ ಅಂದ್ರ?

ಜಿಲಾನಿಸಾಬ್: ಕಂಪ್ಯೂಟರಿಗೆ ಬರೋ ಪೀಡಾ. ಕಣ್ಣಿಗೆ ಕಾಣಂಗಿಲ್ಲ, ಒಂದಕ್ಕ ಬಂದ್ರ ಎಲ್ಲಾಕ್ಕೂ ಹತ್ತತೈತಿ.

ಅಮರಗುಂಡಪ್ಪ: ಕಣ್ಣಿಗೆ ಕಾಣದ ಪೀಡಾಕ್ಕ ವಿಭೂತಿ ಹಚ್ಚಿದ್ರ ಸಾಕು. ಜಾಗಾನೂ ತಿನ್ನಂಗಿಲ್ಲ.

ಶೇಖರಮ್ಮ: ಹಚ್ಚಿದ್ರ ಸಾಕೇನ್ರೀ?

ಅಮರಗುಂಡಪ್ಪ: ಸಾಕು. ನಮ್ಮಪ್ಪನ ಕಾಲದಿಂದ ತಕ್ಕಡಿಗೆ ಹಚ್ಚಿಕೋತ ಬಂದೀವಿ. ಒಂದು ದಿನ ಜ್ವರ ಬಂದೈತೇನು ತಕ್ಕಡಿಗೆ?

ವೈರಸ್ಸಿನ ಫ್ಲಾಪಿ ಕಿಟಕಿಯ ಕಟ್ಟೆ ಸೇರಿತು. ಕೊನೆಯದು ಕನ್ನಡದ್ದು. ಜಿಲಾನಿಸಾಬ್ ಅದರ ಹೆಸರು ಹೇಳುತ್ತಲೂ ಶೇಖರಮ್ಮ ಹೊಸ್ತಿಲು ದಾಟಿ ಒಳಗೆ ಬಂದಳು. ಮಸ್ಕಿಯ ತವರಿನಲ್ಲಿ ಏಳನೆಯ ತರಗತಿ ಮುಗಿಸಿದವಳು. ಕಂಪ್ಯೂಟರು ಲಾರಿಯಿಂದ ಇಳಿದ ದಿನವೇ, ಹುರುಪಿನಲ್ಲಿದ್ದ ಗಂಡ, ಇದರ ಮೊದಲ ವಿದ್ಯಾರ್ಥಿ ನೀನೇ ಎಂದು ಮಾತು ಕೊಟ್ಟಿದ್ದ. ಆ ಮಾತನ್ನು ಅವಳು ಓಣಿಗೆಲ್ಲ ಹಂಚಿ ಬಂದಾಗಿತ್ತು.

ಶೇಖರಮ್ಮ: ಮೊದಲು ಕುಂದರಾಕಿ ನೀನಽ ಅಂದಿದ್ರಿ.

ಅಮರಗುಂಡಪ್ಪ: ಅಂದೀನಿ. ಕುಂದರು. ಯಾರು ಬ್ಯಾಡ ಅಂದಾರ?

ಶೇಖರಮ್ಮ: ಕನ್ನಡ ಇಲ್ಲಂದ್ರ ಕುಂತು ಏನ ಮಾಡ್ಲಿ? ಇಂಗ್ಲಿಷ್ ಮಾರಿ ನೋಡಿಕೋತ?

ಅಮರಗುಂಡಪ್ಪ: ನೋಡಿ ನೋಡಿ ಬರ್ತೈತಿ. ನನಗ ಹಂಗಽ ಬಂತು.

ಶೇಖರಮ್ಮ: ಬಂದೈತಿ ಬಿಡ್ರಿ, ಯೂರಿಯಾ ಚೀಲದ ಮ್ಯಾಲಿಂದು. ಅದನೂ ಚೀಲ ತಲಿಕೆಳಗ ಇಟ್ರ ಓದಾಕ ಬರಂಗಿಲ್ಲ.

ಜಿಲಾನಿಸಾಬ್ ಕೆಮ್ಮಿದ. ಅಮರಗುಂಡಪ್ಪ ಕನ್ನಡದ ಫ್ಲಾಪಿಯನ್ನು ಎರಡು ಬೆರಳಲ್ಲಿ ಹಿಡಿದು ಅದನ್ನೂ ಕಿಟಕಿಯ ಕಟ್ಟೆಗೆ ಹಾಕಿದ.

ಅಮರಗುಂಡಪ್ಪ: ಅಷ್ಟು ದೂರದಿಂದ ಬಂದ ಕರಿಬಸಯ್ಯಗ ಕನ್ನಡ ತೋರಿಸಿದ್ರ, ಇದಕ್ಕ ನಮ್ಮೂರ ಗ್ವಾಡಿ ಮ್ಯಾಲಿನ ಬರಹ ಸಾಕಿತ್ತಲ್ಲೋ ಅಂತಾನ. ಇಂಗ್ಲಿಷ್ ಇರಲಿ. ನೋಡು, ಆರಿಸಿದವು ಈ ಮೂರು. ಇವನ್ನ ಪೂಜೆ ಮಾಡಿಡು. ಅವನ ಕಣ್ಣ ಮುಂದಽ ಒಳಗ ಹಾಕೂಣು.

ಇಷ್ಟು ಹೇಳಿ, ಜಿಲಾನಿಸಾಬನನ್ನು ಸೇನಾಪತಿಯಂತೆ ಬೆನ್ನಿಗೆ ಕಟ್ಟಿಕೊಂಡು, ಅತಿಥಿಯನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೊರಟ. ಹಿಂದಿನಿಂದ ಶೇಖರಮ್ಮ ಮತ್ತೊಮ್ಮೆ ಕೇಳಿದಳು.

ಶೇಖರಮ್ಮ: ಮೂರಕ್ಕಽ ಏನ್ರೀ ಪೂಜೆ? ಕಟ್ಟಿ ಮ್ಯಾಲಿನವಕ್ಕ ಬ್ಯಾಡ?

ಅಮರಗುಂಡಪ್ಪ: ಅವನ್ನ ಮುಟ್ಟಬ್ಯಾಡ.

ಮಧ್ಯಾಹ್ನ ಕರಿಬಸಯ್ಯ ಇಸ್ತ್ರಿ ಮಾಡಿದ ಧೋತರದಲ್ಲಿ ಬಂದು, ಕುರ್ಚಿಯಲ್ಲಿ ಕೂತು, ಕನ್ನಡಕ ಒರೆಸಿಕೊಂಡ. ಇನ್ನೂ ಗೊಬ್ಬರದ ವಾಸನೆ ಬರುತ್ತದಲ್ಲ ಎಂದು ಮೆಲ್ಲಗೆ ಅಂದ. ಅಮರಗುಂಡಪ್ಪ ಕೇಳಿಸದವನಂತೆ ಕೈ ಎತ್ತಿ ಅಪ್ಪಣೆ ಕೊಟ್ಟ. ಜಿಲಾನಿಸಾಬ್ ಪೂಜೆಯ ತಟ್ಟೆಯಿಂದ ವರ್ಡ್‌ಸ್ಟಾರ್ ಎತ್ತಿಕೊಂಡವನು ಎತ್ತಿದ ಹಾಗೇ ನಿಂತ.

ಫ್ಲಾಪಿಯಲ್ಲಿ ಒಂದು ಸಣ್ಣ ಕಿಟಕಿ ಇರುತ್ತದೆ. ಒಳಗಿನ ತಟ್ಟೆಯನ್ನು ಕಂಪ್ಯೂಟರು ಓದುವುದು ಅಲ್ಲಿಂದಲೇ. ಆ ಕಿಟಕಿಗೆ ಅಡ್ಡಲಾಗಿ, ನೀರಲ್ಲಿ ಕಲಸಿದ ವಿಭೂತಿಯ ಮೂರು ಪಟ್ಟೆಗಳು ಮಠದಯ್ಯನ ಹಣೆಯಂತೆ ಹೊಳೆಯುತ್ತಿದ್ದವು. ನಡುವಿನ ತೂತಿಗೆ ಕುಂಕುಮ. ಲೋಟಸ್ಸಿಗೂ ಹಾಗೆಯೇ. ಡಿಬೇಸಿಗೆ ಇನ್ನೂ ಬೇಸಾಗಿ. ಜಿಲಾನಿಸಾಬ್ ಅಂಗಿಯ ಚುಂಗಿನಿಂದ ಒರೆಸಿ ಒಂದೊಂದನ್ನೇ ತೂರಿಸಿದ. ಕಂಪ್ಯೂಟರು ಬೀಸುವ ಕಲ್ಲಿನಂತೆ ಕರಕರ ಅಂದು, ಒಲ್ಲೆನೆಂದು ಇಂಗ್ಲಿಷಿನಲ್ಲಿ ಬರೆದು ಸುಮ್ಮನಾಯಿತು. ಬೇರೆ ಪ್ರತಿಗಳು ಹೈದರಾಬಾದಿನಲ್ಲಿವೆ, ನಾಳೆಯ ಬಸ್ಸಿಗೇ ಹೋಗಿ ತರಬೇಕು ಎಂದು ಜಿಲಾನಿಸಾಬ್ ಪಿಸುಗುಟ್ಟಿದ. ಕರಿಬಸಯ್ಯನ ಮೀಸೆಯ ತುದಿ ಕುಣಿಯತೊಡಗಿತು.

ಅಮರಗುಂಡಪ್ಪ: ಏನು ಮಾಡಿದಿಬೇ ಇದು?

ಶೇಖರಮ್ಮ: ಪೀಡಾ ಬರಬಾರದಂತ ಹಚ್ಚೀನ್ರಿ. ಹಚ್ಚಿದ್ರ ಸಾಕು ಅಂದವರು ನೀವಽ.

ಅಮರಗುಂಡಪ್ಪ: ಅಲ್ಲಿ ಹಚ್ಚತಾರೇನು?

ಶೇಖರಮ್ಮ: ಅದರ ಹಣಿ ಎಲ್ಲೈತಂತ ಯಾರು ತೋರಿಸಿದ್ರಿ? ತೆರದಿತ್ತು, ಅದಽ ಹಣಿ ಅನ್ಕೊಂಡೆ.

ಅಮರಗುಂಡಪ್ಪ: ಜಿಲಾನಿ, ಆ ವೈರಸ್ ಓಡಸೋದು ಐತೆಲ್ಲ, ಅದರಿಂದ ವಿಭೂತಿ ಓಡಸಾಕ ಬರ್ತೈತೇನು ನೋಡಪ್ಪ.

ಜಿಲಾನಿಸಾಬ್: ಅದು ಪೀಡಾಕ್ಕ ಅಷ್ಟ ರೀ. ಭಕ್ತಿಗೆ ಔಷಧ ಇಲ್ಲ.

ಹಾಗೆಂದವನು ಕಿಟಕಿಯ ಕಟ್ಟೆಯತ್ತ ನೋಡಿದ. ಅಲ್ಲಿ ಯಾರೂ ಮುಟ್ಟದೆ, ಯಾವ ಪೂಜೆಯೂ ಇಲ್ಲದೆ, ಎರಡು ಫ್ಲಾಪಿಗಳು ಮಡಿಯಲ್ಲಿ ಕೂತಿದ್ದವು. ಬೇರೆ ದಾರಿ ಇರಲಿಲ್ಲ. ಎರಡೂ ಒಳಗೆ ಹೋದವು, ಕಂಪ್ಯೂಟರು ತಕರಾರು ಮಾಡಲಿಲ್ಲ. ಕರೆಯುವ ಮೊದಲೇ ಶೇಖರಮ್ಮ ಸೆರಗು ಸಿಕ್ಕಿಸಿಕೊಂಡು ಕೂತಾಗಿತ್ತು. ಜಿಲಾನಿಸಾಬ್ ತೋರಿಸಿದ ಗುಂಡಿಗಳನ್ನು ಅವಳು ಒಂದೇ ಬೆರಳಿನಿಂದ, ಬೆಂಡೆಕಾಯಿ ಆರಿಸುವಷ್ಟು ಎಚ್ಚರದಲ್ಲಿ ಒತ್ತುತ್ತ ಹೋದಳು. ಕರಿಯ ತೆರೆಯ ಮೇಲೆ ಅವಳ ಹೆಸರು ಮೂಡಿತು.

ಕರಿಬಸಯ್ಯ ಎದ್ದು ಬಂದು ಬಗ್ಗಿ ನೋಡಿದ. ಮೀಸೆ ನಿಂತಿತು.

ಕರಿಬಸಯ್ಯ: ಇಂಗ್ಲಿಷ್ ನಾ ಹರೇದಾಗಿಂದ ಕುಟ್ಟೀನಿ, ಅದೇನು ಹೊಸದಲ್ಲ. ಕನ್ನಡ ಹಿಂಗ ಬೆಳಕಿನಾಗ ಮೂಡಿದ್ದು ಇವತ್ತಽ ಕಂಡೆ ನೋಡು. ಯಾರದಪ್ಪ ಈ ವಿಚಾರ?

ಅಮರಗುಂಡಪ್ಪ: ನಂದಽ. ಇಂಗ್ಲಿಷ್ ಹಾಕಂತ ಈ ಜಿಲಾನಿ ಗಂಟು ಬಿದ್ದಿದ್ದ. ನಾ ಕೇಳಲಿಲ್ಲ.

ಜಿಲಾನಿಸಾಬ್ ಮತ್ತೆ ಕೆಮ್ಮಿದ. ಕರಿಬಸಯ್ಯ ಫಳಾರ ಮುಗಿಸಿ, ಗೆಳೆಯನ ಬೆನ್ನು ತಟ್ಟಿ, ಬಸ್ಸು ಹತ್ತಿ ಹೋದ. ಅವನನ್ನು ಕಳಿಸಿ ಬಂದ ಅಮರಗುಂಡಪ್ಪ, ಇನ್ನೂ ಕಂಪ್ಯೂಟರಿನ ಮುಂದಿಂದ ಏಳದ ಹೆಂಡತಿಗೆ ಕೇಳಿಸದಂತೆ ಜಿಲಾನಿಸಾಬನನ್ನು ಮೂಲೆಗೆ ಕರೆದ.

ಅಮರಗುಂಡಪ್ಪ: ನಾಳೆ ಹೈದರಾಬಾದಿಗೆ ಹೋಗಿ ಆ ಮೂರೂ ತಂದುಬಿಡು. ಕನ್ನಡ ತಗದು ಜಾಗ ಮಾಡೂಣು.

ಶೇಖರಮ್ಮ ತೆರೆಯಿಂದ ಕಣ್ಣು ತೆಗೆಯಲಿಲ್ಲ.

ಶೇಖರಮ್ಮ: ತರಲಿ ತಗೋರಿ. ಬಂದ ಕೂಡಲೇ ನನ್ನ ಕೈಯಾಗ ಕೊಡ್ರಿ. ವಿಭೂತಿ ಇನ್ನೂ ಉಳದೈತಿ.