ನಾಲ್ಕನೇ ಕೊಠಡಿ, ಒಂಬತ್ತೂವರೆ

ಎಲ್ಲದಕ್ಕೂ ಕಾರಣ ಪ್ರವೇಶದ ಅರ್ಜಿಯ ಏಳನೇ ಕಾಲಂ. ಅಲ್ಲಿ 'ಫೋನ್ ನಂಬರ್' ಎಂದಷ್ಟೇ ಅಚ್ಚಾಗಿತ್ತು, ಯಾರದು ಎಂದು ಕೇಳಿರಲಿಲ್ಲ. ತಮಿಳುನಾಡಿನ ಬೆಟ್ಟದ ಮೇಲಿನ ಕನ್ನಡದ ಊರು ತಾಳವಾಡಿಯ ಪದವಿ ಕೇಂದ್ರಕ್ಕೆ ಸೇರಿದ ಮೂವತ್ತೆರಡು ಮಕ್ಕಳೂ ಮನೆಯ ನಂಬರು ಬರೆದು ಕೊಟ್ಟಿದ್ದರು. ಮನೆಯ ಫೋನು ಎಂದರೆ ಗುಂಡಿ ಒತ್ತುವ ಫೋನು. ಅದು ಮನೆಯಲ್ಲಿ ಇರುವುದಿಲ್ಲ, ದನದ ಹಿಂದೆ ಹೋದವರ ಸೊಂಟದಲ್ಲಿ ಇರುತ್ತದೆ.

ಅತಿಥಿ ಉಪನ್ಯಾಸಕ ಮಹದೇವಪ್ರಸಾದ್ ಭಾನುವಾರವೆಲ್ಲ ಕೂತು ಆ ನಂಬರುಗಳನ್ನು ವಿಶ್ವವಿದ್ಯಾಲಯದ ವೇಳಾಪಟ್ಟಿ ಆಪಿಗೆ ತುಂಬಿಸಿದ. ಕೆಳಗಿನ ಕ್ಯಾಂಪಸ್ಸುಗಳಲ್ಲಿ ಈ ಆಪು ಒಂದು ವರ್ಷದಿಂದ ನಡೆಯುತ್ತಿತ್ತು. ಈಗ ಅದನ್ನು ಬೆಟ್ಟಕ್ಕೂ ಹತ್ತಿಸಿದ್ದರು. ಸ್ಮಾರ್ಟ್‌ಫೋನ್ ಇಲ್ಲದವರಿಗೂ ಆಗಲಿ ಎಂದು ಗುಂಡಿ ಫೋನಿಗೆ ಕರೆ ಮಾಡುವ ಹೊಸ ಏರ್ಪಾಡು ಸೇರಿತ್ತು. ತರಗತಿಗೆ ಎರಡು ಗಂಟೆ ಮೊದಲು ಹೆಂಗಸೊಬ್ಬಳ ದನಿ ಅಚ್ಚ ತಮಿಳಿನಲ್ಲಿ ಸಮಯ ಮತ್ತು ಕೊಠಡಿ ಹೇಳಿ, ತಪ್ಪದೆ ಬನ್ನಿ ಎಂದು ಕೇಳಿಕೊಂಡು ಸುಮ್ಮನಾಗುತ್ತಿತ್ತು.

ಸೋಮವಾರ ಇದನ್ನು ಪರೀಕ್ಷಿಸಲು ಈರೋಡಿನ ಕಡೆಯಿಂದ ಅಧಿಕಾರಿಯೊಬ್ಬರು ಬರುವವರಿದ್ದರು. ಮೂವತ್ತು ತಲೆ ಕಂಡರೆ ಕೇಂದ್ರ ಉಳಿಯುತ್ತದೆ. ಇಲ್ಲವಾದರೆ ಬಾಗಿಲಿಗೆ ಬೀಗ, ಮಹದೇವಪ್ರಸಾದ್ ಸತ್ಯಮಂಗಲದ ಕ್ಯಾಂಪಸ್ಸಿಗೆ. ಸತ್ಯಮಂಗಲಕ್ಕೆ ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಇಳಿಯಬೇಕು, ಅವನಿಗೆ ಮೂರನೇ ತಿರುವಿಗೇ ವಾಂತಿ. ಓದುವ ಕಾಲದಲ್ಲಿ ಕಂಡಕ್ಟರು ಅವನಿಗೆ ಟಿಕೆಟ್ಟಿನ ಜೊತೆಗೇ ಪ್ಲಾಸ್ಟಿಕ್ ಕವರು ಹರಿದು ಕೊಡುತ್ತಿದ್ದ. ದಿನಾ ಇಳಿದು ಹತ್ತುವುದಕ್ಕಿಂತ ಕೆಲಸ ಬಿಡುವುದೇ ಮೇಲೆಂದು ಅವನು ನಿರ್ಧರಿಸಿದ್ದ. ಬಿಟ್ಟ ಮೇಲೆ ಉಣ್ಣುವುದೇನು ಎಂಬುದು ಇನ್ನೂ ನಿರ್ಧಾರವಾಗಿರಲಿಲ್ಲ.

ಅಧಿಕಾರಿ ಬೇಗ ಹಿಂದಿರುಗಬೇಕೆಂದು ಹನ್ನೊಂದರ ತರಗತಿಯನ್ನು ಒಂಬತ್ತೂವರೆಗೆ ತಂದಿದ್ದರು. ಮಹದೇವಪ್ರಸಾದ್ ಮಕ್ಕಳಿಗೆ ಬಾಯಲ್ಲಿ ಹೇಳಲು ಹೋಗಲಿಲ್ಲ. ಆಪು ಇರುವುದು ಮತ್ತೇಕೆ?

ಬೆಳಿಗ್ಗೆ ನಾಲ್ಕನೇ ಕೊಠಡಿಗೆ ಕಾಲಿಟ್ಟರೆ ಮುಂದಿನ ಬೆಂಚಿನಲ್ಲಿ ತಿಗನಾರೆಯ ಶಿವನಂಜಮ್ಮ ಕೂತಿದ್ದಳು. ಬಿ.ಕಾಂ. ಓದುವ ಶಿವರಂಜನಿಯ ಅಜ್ಜಿ. ಹಿಂದಿನ ಬೆಂಚುಗಳಲ್ಲೆಲ್ಲ ಅದೇ ವಯಸ್ಸಿನವರು ತುಂಬಿದ್ದರು.

"ಅಜ್ಜಿ, ನೀವಿಲ್ಲಿ?"

"ಪೋನ್ ಮಾಡುದ್ರಲ್ಲ ಮಗ. ನಾಕ್ನೇ ರೂಮು, ಒಂಬತ್ತೂವರ ಅಂದ್ಲು ಆ ಎಣ್ಮಗ. ಅಷ್ಟು ಮರ್ವಾದಿಯಾಗಿ ಕರುದ್ ಮ್ಯಾಲ ಬರ್ದೇ ಇದ್ದುದಾ?"

ಪಕ್ಕದ ಬೆಂಚಿನ ಚಿಕ್ಕಬಸಪ್ಪ, ಊರಿನ ಹಿರಿಯ, ಎದ್ದು ನಿಂತ. "ಕಾಡಂಚ್ಗ ಆನೆ ಕಂದಕ ತೋಡಿ ಅಂತ ಅರ್ಜಿ ಕೊಟ್ಟು ಏಳು ವರ್ಸ ಆಯ್ತು ಮೇಷ್ಟ್ರೆ. ಇವತ್ತು ಇಚಾರಣೆಗ ಕರ್ದವ್ರ. ಸಾಹೇಬ್ರು ಎಷ್ಟೊತ್ಗ ಬತ್ತರ?"

ಏಳು ವರ್ಷದಿಂದ ಆ ಊರುಗಳಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಅದು ಕಂದಕದ್ದೇ. ಸಾಲದ್ದಕ್ಕೆ ಸೋಮವಾರ ಎತ್ತಿಗೆ ನೊಗ ಕಟ್ಟುವುದಿಲ್ಲ, ಎಲ್ಲರಿಗೂ ಬಿಡುವು. ಕೂಲಿಯ ಚಿಕ್ಕಸಿದ್ದ ಒಂದು ಕುಕ್ಕೆಯನ್ನು ತಂದು ಮೇಜಿನ ಮೇಲೆ ಮಡಗಿದ.

"ಏನಿದು?"

"ಆನೆ ಲದ್ದಿ ಸಾ. ಓದ್ಸಲ ಆನೆ ಬಂದುದ್ಕ ಸಾಕ್ಷಿ ಏನು ಅಂದ್ರಲ್ಲ. ಇನ್ನೂ ಬಿಸಿ ಅದ, ಮುಟ್ನೋಡಿ."

ಮಹದೇವಪ್ರಸಾದ್ ಮುಟ್ಟಲಿಲ್ಲ. ನಿಜ ಹೇಳಲು ಬಾಯಿ ತೆರೆದವನು ಹಾಗೇ ತಲೆ ಎಣಿಸಿದ. ಮೂವತ್ತೊಂದು. ಬಾಯಿ ಮುಚ್ಚಿದ. ಅಷ್ಟರಲ್ಲಿ ಜೀಪು ಬಂತು.

ಅಧಿಕಾರಿ ಒಳಗೆ ಬಂದು ನರೆತ ತಲೆಗಳನ್ನು ಒಂದು ಸುತ್ತು ನೋಡಿದರು. "ಇವರೆಲ್ಲ ವಿದ್ಯಾರ್ಥಿಗಳೇ?" ಎಂದು ತಮಿಳಿನಲ್ಲಿ ಕೇಳಿದರು.

"ಬೆಟ್ಟದಲ್ಲಿ ಓದು ಸ್ವಲ್ಪ ತಡವಾಗಿ ಶುರುವಾಗುತ್ತದೆ, ಸಾರ್."

"ವಯಸ್ಸಿನ ಮಿತಿ ನಮ್ಮಲ್ಲೂ ಇಲ್ಲ. ಆ ಕುಕ್ಕೆ?"

"ಪ್ರಾಕ್ಟಿಕಲ್, ಸಾರ್."

ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದರು. ಹಿಂದಿನ ಬೆಂಚಿನಲ್ಲಿದ್ದ ಗುಮಟಾಪುರದ ಇಬ್ಬರು ಅವರನ್ನು ಕನಿಕರದಿಂದ ನೋಡಿದರು. ದೀಪಾವಳಿ ಕಳೆದ ಮೇಲೆ ಸಗಣಿಯ ಉಂಡೆಯಲ್ಲಿ ಹೊಡೆದಾಡಿ ಹಬ್ಬ ಮಾಡುವ ಊರು ಅವರದು.

ಆಮೇಲೆ ಅಧಿಕಾರಿ ಶಿವನಂಜಮ್ಮನ ಮುಂದೆ ಬಗ್ಗಿ, ಇಲ್ಲಿಯವರೆಗೆ ಏನು ತಿಳಿದುಕೊಂಡಿರಿ ಎಂದರು. ಅವಳು ಒಳ್ಳೆಯ ತಮಿಳಿನಲ್ಲೇ ಉತ್ತರ ಕೊಟ್ಟಳು: "ಕರೆಯುತ್ತಾರೆ, ಬರುತ್ತೇವೆ, ಕೂರುತ್ತೇವೆ. ಕೊನೆಗೆ ಏನಾಯಿತು ಅಂತ ಯಾರೂ ಹೇಳುವುದಿಲ್ಲ."

"ಎಲ್ಲ ಕ್ಯಾಂಪಸ್ಸಿನವರೂ ಇದನ್ನೇ ಹೇಳುತ್ತಾರೆ," ಎಂದು ಅವರು ಬರೆದುಕೊಂಡರು.

ಚಿಕ್ಕಬಸಪ್ಪ ಕೈ ಎತ್ತಿ, ಅವನೂ ತಮಿಳಿನಲ್ಲೇ, "ಅಗೆಯುವುದು ಯಾವಾಗ ಸ್ವಾಮಿ?" ಎಂದ.

"ಹೊಸ ಕಟ್ಟಡಕ್ಕೋ? ಎಷ್ಟು ಉದ್ದ ಬೇಕು?"

"ಎಂಟು ಕಿಲೋಮೀಟರು. ಹತ್ತಡಿ ಆಳ."

ಅಧಿಕಾರಿ ಅದನ್ನೂ ಬರೆದುಕೊಂಡರು. ಈ ಜನಕ್ಕೆ ವಿದ್ಯೆಯ ಮೇಲೆ ಇಷ್ಟೊಂದು ಆಸೆಯೇ ಎಂದು ಅವರ ಕಣ್ಣು ತೇವವಾದಂತಿತ್ತು.

ಗಂಡಾಂತರ ಕಳೆಯಿತು ಎಂದು ಮಹದೇವಪ್ರಸಾದ್ ಉಸಿರು ಬಿಡುವಾಗ ಬಸ್ಸು ಬಂತು. ಇಪ್ಪತ್ತೊಂಬತ್ತು ಮಕ್ಕಳು, ಎಂದಿನಂತೆ ಹನ್ನೊಂದರ ತರಗತಿಗೆ. ಎಲ್ಲರೂ ಬಾಗಿಲಲ್ಲಿ ನಿಂತರು.

"ಅಜ್ಜಿ, ನನ್ ಜಾಗ್ದಲ್ಲಿ ಯಾಕ ಕೂತಿದ್ದೈ?" ಎಂದಳು ಶಿವರಂಜನಿ.

"ಸುಮ್ಕ ನಿಂತ್ಕ ಮಗ. ಇಚಾರಣೆ ನಡೀತಾ ಅದ."

"ಇವರು ಯಾರು?" ಎಂದರು ಅಧಿಕಾರಿ.

ಮಹದೇವಪ್ರಸಾದ್ ಬಾಗಿಲಿಗೆ ಅಡ್ಡ ಬಂದ. "ಎರಡನೇ ಬ್ಯಾಚು, ಸಾರ್."

"ಪಟ್ಟಿಯಲ್ಲಿ ಮೂವತ್ತೆರಡೇ ಹೆಸರಿದೆ."

"ಹೊಸಬರನ್ನು ಇನ್ನೂ ಸೇರಿಸಬೇಕು, ಸಾರ್."

ಇಷ್ಟು ಚುರುಕಾಗಿ ಸುಳ್ಳು ಹೇಳಬಲ್ಲೆ ಎಂದು ಅವನಿಗೇ ಗೊತ್ತಿರಲಿಲ್ಲ, ಒಳಗೊಳಗೇ ಹೆಮ್ಮೆಯಾಯಿತು. ಅಧಿಕಾರಿ ಒಳಗಿನವರನ್ನೂ ಹೊರಗಿನವರನ್ನೂ ಎಣಿಸಿದರು. ಅರವತ್ತು. ಆಮೇಲೆ ಗೋಡೆಗಳನ್ನು ನೋಡಿದರು.

"ಬೇರೆ ಕೊಠಡಿ ಇಲ್ಲವೇ?"

"ಒಂದು, ಎರಡು, ಮೂರು ರೇಷನ್ ಅಂಗಡಿಯವು, ಸಾರ್."

"ಹಾಗಾದರೆ ಕಷ್ಟ. ಐವತ್ತು ಮೀರಿದ ಕೇಂದ್ರವನ್ನು ಒಂದೇ ಕೊಠಡಿಯಲ್ಲಿ ನಡೆಸುವಂತಿಲ್ಲ, ನಿಯಮ. ಮೂವತ್ತೇ ಇದ್ದಿದ್ದರೆ ಇಲ್ಲೇ ಇರಬಹುದಿತ್ತು. ನೀವು ಇಷ್ಟು ಚೆನ್ನಾಗಿ ಮಾಡಿರುತ್ತೀರಿ ಅಂತ ನಾವು ಅಂದುಕೊಂಡಿರಲಿಲ್ಲ. ಕಟ್ಟಡ ಆಗುವ ತನಕ ಎಲ್ಲರೂ ಸತ್ಯಮಂಗಲಕ್ಕೆ ಬನ್ನಿ." ಅವರು ಮೊಬೈಲಿನಲ್ಲಿ ಏನನ್ನೋ ಒತ್ತಿದರು. "ನೋಡಿ, ಬದಲಾವಣೆ ತಕ್ಷಣ ಎಲ್ಲರಿಗೂ ಹೋಗುತ್ತದೆ."

ಹೋಯಿತು. ಮೂವತ್ತೊಂದು ಸೊಂಟಗಳಲ್ಲಿ ಒಟ್ಟಿಗೆ ಫೋನು ಕೂಗಿಕೊಂಡವು. ನಾಳೆ ಒಂಬತ್ತೂವರೆ, ಸತ್ಯಮಂಗಲ ಕ್ಯಾಂಪಸ್, ಹನ್ನೆರಡನೇ ಕೊಠಡಿ, ತಪ್ಪದೆ ಬನ್ನಿ. ಅಧಿಕಾರಿ ಮಹದೇವಪ್ರಸಾದನ ಕೈ ಕುಲುಕಿ ಜೀಪು ಹತ್ತಿದರು.

ಜೀಪಿನ ದೂಳು ಇಳಿಯುವ ಮೊದಲೇ ಮಹದೇವಪ್ರಸಾದ್ ಎಲ್ಲವನ್ನೂ ಒಪ್ಪಿಕೊಂಡ. ಇದು ವಿಚಾರಣೆಯಲ್ಲ, ಆ ಕರೆ ನಿಮಗಲ್ಲ, ಬಂದವರಿಗೂ ಕಂದಕಕ್ಕೂ ಸಂಬಂಧವಿಲ್ಲ, ತಪ್ಪು ನನ್ನದು ಎಂದ. ಯಾರೂ ನಂಬಲಿಲ್ಲ.

"ಎಂಟು ಕಿಲೋಮೀಟ್ರು ಅಂತ ಬರ್ಕಂಡ್ರಲ್ಲ ಮೇಷ್ಟ್ರೆ," ಎಂದ ಚಿಕ್ಕಬಸಪ್ಪ. "ಏಳು ವರ್ಸ್ದಲ್ಲಿ ಬರ್ಕಂಡವ್ರು ಇವ್ರೊಬ್ರೇಯ. ಕೇಸು ಸತ್ಯಮಂಗ್ಲಕ ಓಯ್ತು, ಅಂದ್ರ ಮ್ಯಾಲಿನ್ ಆಪೀಸ್ಗ ಓಯ್ತು ಅಂತ. ನಾಳ ಮೊದಲ್ನೇ ಬಸ್ಸು. ನಮ್ಗ ಆ ಜಾಗ ಗೊತ್ತಿಲ್ಲ, ನೀವೇ ಕರ್ಕಂಡ್ ಓಗ್ಬೇಕು."

"ನನಗೆ ಘಾಟಿಯಲ್ಲಿ ವಾಂತಿಯಾಗುತ್ತದೆ," ಎಂದ ಮಹದೇವಪ್ರಸಾದ್. ಆ ದಿನ ಅವನು ಹೇಳಿದ್ದರಲ್ಲಿ ಅವರು ನಂಬಿದ್ದು ಇದೊಂದನ್ನೇ.

ಚಿಕ್ಕಸಿದ್ದನಿಗೆ ಬೇರೆ ಚಿಂತೆ. "ಸಾಕ್ಷಿಯ ಬಸ್ನಲ್ಲಿ ಎಲ್ಲಿ ಮಡಗದು?"

ಶಿವನಂಜಮ್ಮ ಸೊಂಟದ ಚೀಲ ಬಿಚ್ಚಿ ಒಂದು ನಿಂಬೆಹಣ್ಣು ತೆಗೆದು ಮೇಷ್ಟರ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಿಸಿದಳು.

"ಒಂದ್ ಕೈಲಿ ಇದ ಮೂಸ್ಕ ಮಗ," ಎಂದಳು. "ಇನ್ನೊಂದ್ ಕೈಲಿ ಕುಕ್ಕ ಇಡ್ಕ."