ಇಲ್ಲದ ಡಿಸ್ಕಿಗೆ ಇಲ್ಲದ ಕಂಟ್ರೋಲರ್

ಇರುವ ವಸ್ತುಗಳು ಮನುಷ್ಯನಿಗೆ ಕೊಡುವ ಕಾಟದ ಬಗ್ಗೆ ನನಗೆ ತಕರಾರಿಲ್ಲ. ನಲ್ಲಿ ಸೋರುತ್ತದೆ, ಸ್ಕೂಟರ್ ಎಷ್ಟು ಕಿಕ್ ಹೊಡೆದರೂ ಏಳುವುದಿಲ್ಲ. ಎರಡು ಮಾತು ಬೈದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಇಲ್ಲವೇ ಇಲ್ಲದ ವಸ್ತುವೊಂದು ಹತ್ತು ದಿನ ನನ್ನ ಊಟ ಕೆಡಿಸಿತು ಎಂದರೆ ಯಾರು ನಂಬುತ್ತಾರೆ? ಹೆಂಡತಿಯ ಹತ್ತಿರ ಹೇಳಿಕೊಂಡೆ. "ಇಲ್ದೇ ಇರೋದು ಹೆಂಗ್ರೀ ಕೆಟ್ಟೋಗುತ್ತೆ?" ಎಂದು ಕೇಳಿ ಸೊಪ್ಪು ಬಿಡಿಸುವುದನ್ನು ಮುಂದುವರಿಸಿದಳು. ಪ್ರಶ್ನೆ ನ್ಯಾಯವಾದದ್ದೇ. ನಾನು ಶೆಟ್ಟಿಹಳ್ಳಿಯ ಮನೆಯಿಂದ ಎಂದಿಗಿಂತ ಬೇಗ ಪ್ರೆಸ್ಸಿಗೆ ಹೊರಟುಬಿಟ್ಟೆ.

ತುಮಕೂರಿನಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸಿದೆ. ಗುಬ್ಬಿ, ಕುಣಿಗಲ್ ಕಡೆಯಿಂದಲೂ ಜನ ಲಗ್ನಪತ್ರಿಕೆ ಮಾಡಿಸಲು ಬರುತ್ತಾರೆ. ಬರುವುದು ನನ್ನ ಮುಖ ನೋಡಿಕೊಂಡಲ್ಲ, ನಮ್ಮ ಅಕ್ಷರ ನೋಡಿಕೊಂಡು. ಆ ಅಕ್ಷರ ನಮ್ಮ ಮಿಷಿನ್ ನಡೆಸುವ ನಿಸಾರ್ ಸಾಬರದ್ದು. ಮೊದಲು ಅವರು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು. ತೊಂಬತ್ತರ ದಶಕದಲ್ಲಿ ನಾನು ಕಂಪ್ಯೂಟರ್ ತಂದಾಗ ಎರಡು ವರ್ಷ ಕೂತು ಇಡೀ ಅಕ್ಷರಮಾಲೆಯನ್ನು, ಒತ್ತಕ್ಷರ ಒಂದೂ ಬಿಡದೆ, ಡ್ರಾಯಿಂಗ್ ಹಾಳೆಯ ಮೇಲೆ ಬರೆದುಕೊಟ್ಟರು. ಹಾಳೆಗಳನ್ನು ಆಮೇಲೆ ಗೆದ್ದಲು ತಿಂದಿತು. ಈಗ ಸಾಬರಿಗೆ ಕೈ ನಡುಗುತ್ತದೆ. ಚಹಾ ಕೊಟ್ಟರೆ ಅರ್ಧ ಲೋಟ ಸಾಕು ಎನ್ನುತ್ತಾರೆ. ಆ ಅಕ್ಷರಗಳು ಉಳಿದಿದ್ದದ್ದು ಒಂದೇ ಕಡೆ, ಕನ್ನಡ ಟೈಪಿಂಗಿನ ಒಂದು ಹಳೆಯ ಸಾಫ್ಟ್‌ವೇರಿನ ಹೊಟ್ಟೆಯಲ್ಲಿ. ಅದು ಓಡುವುದು ಹಳೆಯ ವಿಂಡೋಸಿನಲ್ಲಿ ಮಾತ್ರ. ಹಾಗಾಗಿ ಮೊದಲ ಕಂಪ್ಯೂಟರ್ ಮುದಿಯಾದಾಗ ತಿಳಿದವರೊಬ್ಬರು ಅದನ್ನು ಇಡಿಯಾಗಿ ಒಂದು ಫೈಲು ಮಾಡಿ ಎರಡನೆಯ ಕಂಪ್ಯೂಟರಿನೊಳಗೆ ಕೂರಿಸಿಕೊಟ್ಟಿದ್ದರು. ಕಂಪ್ಯೂಟರಿನೊಳಗೊಂದು ಕಂಪ್ಯೂಟರು. ಇದಕ್ಕೆ ವರ್ಚುಯಲ್ ಮಿಷಿನ್ ಎನ್ನುತ್ತಾರೆ.

ಎರಡು ಸಾವಿರದ ದಶಕ ಮುಗಿಯುವ ಹೊತ್ತಿಗೆ ಈ ಎರಡನೆಯದೂ ಕೆಮ್ಮತೊಡಗಿತು. ಹಚ್ಚಿದ ಒಂದು ಗಂಟೆಗೆ ತಾನೇ ಆರಿಹೋಗುತ್ತಿತ್ತು. ನಾನು ಹೊಸದೊಂದನ್ನು ತಂದು, ಫೈಲನ್ನು ಅದಕ್ಕೆ ನಕಲು ಮಾಡಿದೆ. ಹೊಸದು ಒಪ್ಪಲಿಲ್ಲ. ನಿನ್ನ ಡಿಸ್ಕು ಐಡಿಇ ಜಾತಿಯದು, ನಾನು ಸ್ಕಸಿ ಜಾತಿಯದನ್ನು ಮಾತ್ರ ಒಳಗೆ ಬಿಡುತ್ತೇನೆ ಎಂದಿತು. ಕಂಪ್ಯೂಟರಿಗೂ ಡಿಸ್ಕಿಗೂ ನಡುವೆ ನಿಂತು ಮಾತು ದಾಟಿಸುವವನಿಗೆ ಕಂಟ್ರೋಲರ್ ಎಂದು ಹೆಸರು. ಐಡಿಇ, ಸ್ಕಸಿ ಎಂಬವು ಅವನ ಜಾತಿಗಳು. ನನಗೆ ಸಿಟ್ಟಿಗಿಂತ ಹೆಚ್ಚು ಕುತೂಹಲವಾಯಿತು. ಡಿಸ್ಕೇ ಇಲ್ಲ, ಇರುವುದೊಂದು ಫೈಲು. ಕಂಟ್ರೋಲರೂ ಇಲ್ಲ, ಅವನೂ ಕಲ್ಪನೆಯವನೇ. ಇಲ್ಲದವನ ಜಾತಿ ಕೇಳುವ ಈ ಬುದ್ಧಿಯನ್ನು ಯಂತ್ರ ಯಾರಿಂದ ಕಲಿತಿತು?

ಇದೇ ಸಮಯಕ್ಕೆ ನಿಸಾರ್ ಸಾಬರ ಮಗಳು ಮುಬೀನಾಳ ಮದುವೆ ಗುಬ್ಬಿಯಲ್ಲಿ ಗೊತ್ತಾಗಿತ್ತು. "ಊರೋರ್ ಮದ್ವೆಗೆಲ್ಲಾ ನನ್ ಅಕ್ಷರ ಹೋಗವೆ ಸ್ವಾಮಿ. ನನ್ ಮಗಳ್ ಮದ್ವೆಗೂ ಹೋಗ್ಲಿ" ಎಂದಿದ್ದರು. ಪತ್ರಿಕೆಯನ್ನು ಅಂದೇ ಮಾಡಿಬಿಡಬಹುದಿತ್ತು, ಆದರೆ ಗಂಡಿನ ಕಡೆಯವರು ಹೆಸರುಗಳ ಪಟ್ಟಿ ಕಳಿಸಿರಲಿಲ್ಲ. ಇತ್ತ ಹಳೆಯ ಕಂಪ್ಯೂಟರಿನ ಆಯಸ್ಸು ಗಂಟೆಯಿಂದ ಅರ್ಧ ಗಂಟೆಗೆ, ಅಲ್ಲಿಂದ ಇಪ್ಪತ್ತು ನಿಮಿಷಕ್ಕೆ ಇಳಿಯುತ್ತಿತ್ತು. ಸಾಫ್ಟ್‌ವೇರನ್ನೇ ಹೊಸದಾಗಿ ಹಾಕೋಣವೆಂದರೆ ಅದರ ಸಿಡಿಯ ಕಥೆ ಹೇಳಲು ನನಗೆ ನಾಚಿಕೆ. ಹಿಂದಿನ ಆಯುಧಪೂಜೆಯಲ್ಲಿ ಪ್ರೆಸ್ಸಿನ ಎಲ್ಲ ಸಾಮಾನಿಗೂ ನಾನೇ ಭಕ್ತಿಯಿಂದ ವಿಭೂತಿ ಹಚ್ಚಿದ್ದೆ. ಸಿಡಿಯ ಒಂದು ಮುಖದಲ್ಲಿ ಹೆಸರು ಅಚ್ಚಾಗಿತ್ತು, ಅದು ಮಾಸಬಾರದೆಂದು ಹೊಳೆಯುವ ಮುಖಕ್ಕೆ ಒದ್ದೆ ಬೆರಳಿನಿಂದ ಮೂರು ಪಟ್ಟೆ ಎಳೆದು ನಡುವೆ ಕುಂಕುಮವನ್ನೂ ಇಟ್ಟೆ. ಮರುದಿನ ಪಂಚೆಯ ಅಂಚಿನಲ್ಲಿ ಗಸಗಸ ಉಜ್ಜಿದೆ. ಅಲ್ಲಿಂದೀಚೆಗೆ ಆ ಸಿಡಿಯನ್ನು ಯಾವ ಕಂಪ್ಯೂಟರೂ ಓದಿಲ್ಲ, ಅದನ್ನು ಮಾಡಿದ ಕಂಪನಿಯೂ ಮುಚ್ಚಿಹೋಗಿದೆ.

ಇಂಟರ್‌ನೆಟ್ಟಿನಲ್ಲಿ ಹುಡುಕಿದಾಗ, ಫೈಲಿನ ಜೊತೆಗಿರುವ ಒಂದು ಚೀಟಿಯಂಥ ಬರಹದಲ್ಲಿ ಒಂದು ಪದ ಬದಲಿಸಿದರೆ ಡಿಸ್ಕಿನ ಜಾತಿ ಬದಲಾಗುತ್ತದೆ ಎಂದು ಯಾರೋ ಬರೆದಿದ್ದರು. ಇಷ್ಟು ಸುಲಭವೇ ಎಂದು ಹೊಸ ಕಂಪ್ಯೂಟರಿನಲ್ಲಿದ್ದ ನಕಲಿನಲ್ಲಿ ಬದಲಿಸಿದೆ. ಡಿಸ್ಕನ್ನು ಒಳಗೆ ಬಿಟ್ಟುಕೊಂಡಿತು. ಹಳೆಯ ವಿಂಡೋಸ್ ಅರ್ಧ ಕಣ್ಣು ತೆರೆಯಿತು, ನೀಲಿ ಪರದೆ ತೋರಿಸಿ ಸತ್ತುಬಿತ್ತು. ಹತ್ತು ಸಲ ಎಬ್ಬಿಸಿದೆ, ಹತ್ತು ಸಲವೂ ಸತ್ತಿತು. ಹುಟ್ಟಿದಾಗಿನಿಂದ ಐಡಿಇಯ ಮುಖವನ್ನೇ ನೋಡಿಕೊಂಡು ಬೆಳೆದ ವಿಂಡೋಸ್ ಅದು. ಸ್ಕಸಿಯ ಪರಿಚಯ ಮಾಡಿಸಬೇಕೆಂದರೆ ಅದು ಎದ್ದು ಕೂರಬೇಕು. ಎದ್ದು ಕೂರಬೇಕೆಂದರೆ ಸ್ಕಸಿಯ ಪರಿಚಯ ಇರಬೇಕು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

ಸಾಬರಿಗೆ ಹೇಳುವ ಧೈರ್ಯವಿರಲಿಲ್ಲ. ಆದರೂ ತಡೆಯಲಾರದೆ, "ನನ್ನ ಸ್ನೇಹಿತರೊಬ್ಬರಿಗೆ ಹಿಂಗಾಗಿದೆ ಸಾಬ್ರೇ" ಎಂದು ಎಲ್ಲವನ್ನೂ ಬೇರೆಯವರ ತಲೆಗೆ ಕಟ್ಟಿ ಹೇಳಿದೆ. ಅವರು ರೋಲರ್ ಒರೆಸುತ್ತಲೇ ಕೇಳಿಸಿಕೊಂಡು, "ವೇಸ್ಟ್ ಶೀಟ್ ಬುಟ್ರಂತಾ ನಿಮ್ ಸ್ನೇಹಿತ್ರು?" ಎಂದರು.

"ಅಂದ್ರೆ?"

"ಹೊಸಾ ರೋಲರ್ ಹಾಕ್ದಾಗ ಸೀದಾ ಆರ್ಟ್ ಕಾರ್ಡ್ ಬುಡ್ತೀವಾ ಸ್ವಾಮಿ? ಮೊದ್ಲು ನಾಕು ವೇಸ್ಟ್ ಶೀಟ್ ಬುಡ್ತೀವಿ. ಮಿಷಿನ್ನು ಅದ್ರಲ್ಲಿ ಕಲ್ತ್ಕಂತದೆ. ಆಮೇಲೆ ಒಳ್ಳೇ ಮಾಲು. ಅವ್ರು ಒಂದೇ ಸಲಕ್ಕೆ ಒಳ್ಳೇ ಮಾಲ್ನೇ ಬುಟ್ಟವ್ರೆ."

ನಾನು ಕೂತಲ್ಲಿಂದ ಎದ್ದು ನಿಂತೆ. ಹಳೆಯ ಕಂಪ್ಯೂಟರಿಗೆ ಜಾತಿಭೇದವಿರಲಿಲ್ಲ, ಎರಡನ್ನೂ ಒಪ್ಪುತ್ತಿತ್ತು. ಟೇಬಲ್ ಫ್ಯಾನನ್ನು ಅದರ ಹೊಟ್ಟೆಗೆ ತಿರುಗಿಸಿಟ್ಟು, ಅಸಲಿ ಡಿಸ್ಕನ್ನು ಮುಟ್ಟದೆ, ಪಕ್ಕದಲ್ಲಿ ವೇಸ್ಟ್ ಶೀಟಿನ ಹಾಗೆ ಸ್ಕಸಿ ಜಾತಿಯ ಒಂದು ಪುಟ್ಟ ಖಾಲಿ ಡಿಸ್ಕು, ಅದೂ ಕಲ್ಪನೆಯದೇ, ಸೇರಿಸಿ ಹಚ್ಚಿದೆ. ವಿಂಡೋಸ್ ಎಂದಿನಂತೆ ಎದ್ದಿತು. ಯಾರೋ ಹೊಸಬರು ಬಂದಿದ್ದಾರೆ ಎಂದು ಮೂಲೆಯಲ್ಲಿ ಚೀಟಿ ತೋರಿಸಿ, ತಾನೇ ಪರಿಚಯ ಮಾಡಿಕೊಂಡಿತು. ಆರಿಸಿ, ಅಸಲಿ ಡಿಸ್ಕಿನ ಫೈಲನ್ನು ಹೊಸ ಕಂಪ್ಯೂಟರಿಗೆ ದಾಟಿಸಿ, ಈಗ ಪದ ಬದಲಿಸಿದೆ. ಎದ್ದು ಕೂತಿತು. ಖಾಲಿ ಡಿಸ್ಕಿನ ಕೆಲಸ ಮುಗಿದಿತ್ತು, ತೆಗೆದುಹಾಕಿದೆ.

ಸಾಬರನ್ನು ಕರೆದು ಪರದೆಯ ಮೇಲೆ ಮುಬೀನಾ ಎಂದು ಟೈಪು ಮಾಡಿದೆ. ಹತ್ತಿರ ಬಗ್ಗಿ ನೋಡಿದರು. "ಆಗ ಕೈ ಎಷ್ಟ್ ಗಟ್ಟಿ ಇತ್ತು ನೋಡಿ" ಎಂದರು. ಹೋಗುವಾಗ ಬಾಗಿಲಲ್ಲಿ ನಿಂತು, "ನಿಮ್ ಸ್ನೇಹಿತ್ರುದೂ ಸರಿಹೋಯ್ತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಿಷಿನ್ ಕಡೆ ನಡೆದರು.

ಮದುವೆಯಲ್ಲಿ ಎಲ್ಲರ ಕೈಯಲ್ಲೂ ಪತ್ರಿಕೆ. ಸಾಬರು ನನ್ನ ಭುಜ ಹಿಡಿದು, "ಅಕ್ಷರ ಬರ್ದಿದ್ದು ನಾನು, ಉಳಿಸ್ಕೊಟ್ಟೋರು ಇವ್ರು. ಯಾರೋ ಒಬ್ಬ ಪುಣ್ಯಾತ್ಮ ಎಲ್ಲಾ ಹಾಳು ಮಾಡೋಕ್ ಕುಂತಿದ್ದ" ಎಂದು ಬೀಗರಿಗೆ ಪರಿಚಯಿಸಿದರು. ಕುಣಿಗಲ್‌ನಿಂದ ಬಂದಿದ್ದ ಹಿರಿಯರೊಬ್ಬರಿಗೆ ಬಲು ಸಿಟ್ಟು ಬಂತು. "ಯಾವನ್ರೀ ಅವ್ನು? ಅಂಥೋರ್ನ ಪ್ರೆಸ್ ಒಳೀಕೇ ಸೇರುಸ್ಬಾರ್ದು" ಎಂದರು. ಸಾಬರು ನನ್ನ ಮುಖವನ್ನೇ ನೋಡುತ್ತಿದ್ದರು. ನಿಜ ಹೇಳಿಬಿಡಬೇಕೆಂದು ನಾನು ಬಾಯಿ ತೆರೆದೆ. ತೆರೆದವನು, ಆ ಹಿರಿಯರ ಜೊತೆ ಸೇರಿಕೊಂಡು ಆ ಮನುಷ್ಯನನ್ನು ಚೆನ್ನಾಗಿ ಬೈದೆ.