‘ಮಾಡಿ’ಗೂ ‘ಬಿಟ್ಟರು’ಗೂ ನಡುವಿನ ಮಹಾಸಮರ

ಮೊದಲು ಆ ಯುಗವನ್ನು ನೆನೆಯೋಣ. ಶೇಂಗಾಚಟ್ನಿಯನ್ನು ಕೇಳುವ ಮೊದಲೇ ಬಡಿಸುತ್ತಿದ್ದ, ಮೂವರು ಕೂತ ಬಾಕಿನ ಮೇಲೆ ನಾಲ್ಕನೆಯವನಿಗೆ ಜಾಗ ಬಿಡುತ್ತಿದ್ದ ಯುಗ. ಆ ಯುಗದ ಭಾನುವಾರಗಳನ್ನು ನೆನೆಯೋಣ. ಧಾರವಾಡದ ಹಳೆಯ ಓಣಿಯೊಂದರಲ್ಲಿ ರೊಟ್ಟಿತಾಡನನಿರಂತರನಿನಾದಮಂಡಿತವಾಗಿ ಮೆರೆಯುತ್ತಿದ್ದ ನೀಲವ್ವನ ಖಾನಾವಳಿಯನ್ನು ನೆನೆಯೋಣ. ರೊಟ್ಟಿ ಕನ್ನಡ, ತಾಡನ ಸಂಸ್ಕೃತ, ಎರಡನ್ನೂ ಕೂಡಿಸಿದ್ದು ಅರಿಸಮಾಸವಾಯಿತೆಂದು ಈ ಗಾಥೆಯ ವೀರರಲ್ಲೊಬ್ಬರು ಆಕ್ಷೇಪಿಸುತ್ತಾರೆ. ಆಕ್ಷೇಪಿಸಲಿ.

ಇನ್ನು, ಆ ಖಾನಾವಳಿಯ ಮೇಲಿನ ಅಟ್ಟದ ಕೋಣೆಯಲ್ಲಿ ಕೂತು ಬ್ರಹ್ಮಾಂಡವೊಂದನ್ನು ನಿರ್ಮಿಸಿದ ಸಹಸ್ರತಾರಾಸಂಯೋಜಕ, ದೀಪ್ತಿಪಥಸೂತ್ರಧಾರ ಮೃತ್ಯುಂಜಯ ಕಲ್ಲೂರನನ್ನು ನೆನೆಯೋಣ. ಹಗಲು ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಪಾಠ ಹೇಳಿ, ಸಂಜೆ ‘ನಕ್ಷತ್ರಪೀಠ’ವೆಂಬ ಆಟವನ್ನು ತಾನೇ ಕಟ್ಟಿದವನು ಇವನು. ಅದರಲ್ಲಿ ಆಡುವವರು ಒಬ್ಬೊಬ್ಬರೂ ಒಂದೊಂದು ಗ್ರಹದ ಒಡೆಯರು. ದಂಡು ಕಟ್ಟಬೇಕು, ಸಂಧಿ ಮಾಡಬೇಕು, ಸರದಿಯ ಮೇಲೆ ಸರದಿ ಆಡಿ ಆಕಾಶವನ್ನು ಗೆಲ್ಲಬೇಕು. ಈ ಆಕಾಶವನ್ನೂ ಅದರೊಳಗಿನ ಜೀವಗಳನ್ನೂ ಅನಾದಿಕಾಲದಲ್ಲಿ ಮಾಡಿದವರು ‘ಮೊದಲಿಗರು’ ಎಂಬ ಯಾರೂ ಕಾಣದ ಜನಾಂಗ. ಅವರು ಏಕೆ ಮಾಡಿದರು ಎಂಬುದು ಆಟದ ಪರಮರಹಸ್ಯ. ಇಷ್ಟೆಲ್ಲ ಕಟ್ಟಿದ ಮಹಾನುಭಾವನ ಊಟಾನಂತರದ ತೇಗು ಮೇಘಗರ್ಜನೆಗೆ ಸಮನಾಗಿತ್ತೆಂದೂ, ಅದಕ್ಕೆ ನೀಲವ್ವನ ಗೋಡೆಯ ಸೌಟುಗಳು ಅಲುಗುತ್ತಿದ್ದವೆಂದೂ, ಅವನ ಹೆಂಡತಿ ಶಿವಲೀಲಾ ಪ್ರತಿ ಸಲವೂ “ಮಂದಿ ಅದಾರ್ರೀ, ಸಣ್ಣಗ ಬಿಡ್ರಿ” ಎಂದು ಗದರುತ್ತಿದ್ದಳೆಂದೂ ಪೂರ್ವಿಕರು ಹೇಳುತ್ತಾರೆ.

ಹೆಸರಿಗೆ ಮೃತ್ಯುಂಜಯ. ಕಳೆದ ಶ್ರಾವಣದಲ್ಲಿ ಸಣ್ಣದೊಂದು ಜ್ವರಕ್ಕೆ ತೀರಿಕೊಂಡ. ಇದರ ಬಗ್ಗೆ ವೀರಗಾಥೆಯಲ್ಲಿ ಹೇಳುವಂಥದ್ದು ಏನೂ ಇಲ್ಲ.

ಆಡುವವನಿಲ್ಲದಿದ್ದರೂ ಆಟದೊಳಗಿನ ಅವನ ಗ್ರಹ ನಡೆಯುತ್ತಲೇ ಇತ್ತು. ಅದರ ಹೆಸರು ಜೋಳಗ್ರಹ, ಬಣ್ಣ ಹಳದಿ. ಪ್ರತಿ ಸರದಿಗೂ ಅಲ್ಲಿಂದ ಉಳಿದವರ ಗ್ರಹಗಳಿಗೆ ಒಂದೊಂದು ಚೀಲ ಜೋಳ ಬರುತ್ತಿತ್ತು. ಪರದೆಯ ಮೇಲೆ ಇರುಳಾದಾಗ ಅಲ್ಲಿ ಪುಟ್ಟ ಪುಟ್ಟ ದೀಪಗಳು ಹೊತ್ತಿಕೊಳ್ಳುತ್ತಿದ್ದವು. ಅವನ ಇಬ್ಬರು ಗೆಳೆಯರೂ ಶಿವಲೀಲೆಯೂ ಭಾನುವಾರ ಬೆಳಿಗ್ಗೆ ಅದೇ ಕೋಣೆಯಲ್ಲಿ ಸೇರಿ ಆಡುವುದನ್ನು ಮುಂದುವರಿಸಿದರು. ಆಟ ಮುಗಿದ ಮೇಲೆ ಗೆಳೆಯರು ಊಟಕ್ಕೆ ಕೆಳಗಿಳಿಯುತ್ತಿದ್ದರು. ಶಿವಲೀಲಾ ಇಳಿಯುತ್ತಿರಲಿಲ್ಲ. ಹಸಿವಿಲ್ಲ ಎನ್ನುತ್ತಿದ್ದಳು.

ಹೀಗಿರಲು, ಮಾಘಮಾಸದ ಒಂದು ಭಾನುವಾರ, ಬಿಸಿಲು ಕಿಟಕಿಯ ಸರಳು ದಾಟಿ ಕೋಣೆಯ ನಡುವಿಗೆ ಬಂದು ಕೂತ ಹೊತ್ತಿನಲ್ಲಿ, ಮೂವರ ಸಂಯುಕ್ತ ನೌಕಾಸೇನೆಯು ಆಕಾಶದ ಅಂಚನ್ನು ಮುಟ್ಟಿತು. ಮೊದಲಿಗರ ಬಾಗಿಲು ಎದುರು ನಿಂತಿತ್ತು. ಬಾಗಿಲ ಮೇಲೆ, ಆ ರಹಸ್ಯವು ಕನ್ನಡದಲ್ಲಿ, ಎರಡು ಸಾಲುಗಳಲ್ಲಿ, ಪರದೆ ತುಂಬ ಹರಡಿತ್ತು:

ಮೊದಲಿಗರು ನಮ್ಮನ್ನು ಮಾಡಿ
ಬಿಟ್ಟರು

ಬದಿಯಲ್ಲಿ ಎರಡು ಗುಂಡಿಗಳು. ಒಂದರ ಮೇಲೆ ‘ಬಾಗಿಲು ಒಡೆಯಿರಿ’, ಇನ್ನೊಂದರ ಮೇಲೆ ‘ಬಾಗಿಲಿಗೆ ಕೀಲಿ ಹಾಕಿರಿ’. ಮೊದಲಿಗರ ಮನಸ್ಸನ್ನು ಸರಿಯಾಗಿ ಅರಿತವರು ಬದುಕುವರು. ತಪ್ಪಾಗಿ ಅರಿತರೆ ಎಲ್ಲ ಗ್ರಹಗಳೂ ಬೂದಿ. ಮೂಲೆಯಲ್ಲಿ ಒಂದು ಜೋಳದ ಚೀಲ ಸೋರುತ್ತಿತ್ತು. ಅದು ಬರಿದಾಗುವುದರೊಳಗೆ ಉತ್ತರ ಕೊಡಬೇಕು. ಹಿಂದಕ್ಕೆ ಹೋಗಿ ಮತ್ತೆ ಆಡುವ ದಾರಿಯನ್ನು ಮೃತ್ಯುಂಜಯ ಆಟದಲ್ಲಿ ಇಟ್ಟಿರಲಿಲ್ಲ.

“ಬೂದಿ ಅಂದ್ರ ಜೋಳಗ್ರಹನೂ?” ಎಂದು ಶಿವಲೀಲಾ ಕೇಳಿದಳು. ಮೌಸು ಅವಳ ಕೈಯಲ್ಲಿತ್ತು, ಏಕೆಂದರೆ ಅವಳು ಕೂತದ್ದು ಅವನ ಕುರ್ಚಿಯಲ್ಲಿ.

“ಎಲ್ಲಾನೂ ಅಂದ್ರ ಎಲ್ಲಾನೂ, ತಂಗಿ,” ಎಂದರು ಗೆಳೆಯರಲ್ಲೊಬ್ಬರು.

“ಹಂಗಾದ್ರ ನಾ ಒತ್ತಂಗಿಲ್ಲ.”

ಆಗ ಎದ್ದರು ನೋಡಿ, ಸಂಧಿಸಮಾಸವನಸಂಚಾರಕೇಸರಿ, ವಿಭಕ್ತಿಪ್ರತ್ಯಯಪ್ರಚಂಡ, ಹೈಸ್ಕೂಲಿನ ಕನ್ನಡ ಮಾಸ್ತರ ಪ್ರಹ್ಲಾದ ಗುಮಾಸ್ತೆಯವರು. ನಲವತ್ತು ದಾಟಿದ್ದರೂ ಚಾಳೀಸು ಧರಿಸಲಾರೆನೆಂದು ಪಣತೊಟ್ಟಿದ್ದ ಆ ಧೀರರು ತಮ್ಮ ಬರಿಗಣ್ಣುಗಳಿಂದ ಪರದೆಯನ್ನು ದಹಿಸುವಂತೆ ನೋಡಿ, ದಿಕ್ಪಾಲಕರು ಬೆಚ್ಚುವಂತೆ ನುಡಿದರು: “ಎಲೈ ಮಿತ್ರದ್ವಯವೇ! ಕ್ರಿಯಾಪದಗಳ ಕುಲಗೋತ್ರಗಳನ್ನು ಬಲ್ಲ ನಾನಿರಲು ಸಂಶಯವೇಕೆ? ‘ಮಾಡಿ’ಯೆಂಬುದೊಂದು ಕ್ರಿಯೆ, ‘ಬಿಟ್ಟರು’ ಎಂಬುದು ಮತ್ತೊಂದು. ಮಾಡಿದರು, ತೊರೆದರು. ತೊರೆದವರ ದ್ವಾರವನ್ನು ಭಂಜಿಸದೆ ನಾನು ಇಂದು ಊಟವನ್ನು ಮುಟ್ಟೆನು!”

ಇದರ ಮೂಲಪಾಠ ಹೀಗಿತ್ತು: “ಏ, ಸರಿ ಓದ್ರಿ. ಮಾಡಿದ್ರು, ಬಿಟ್ಟು ಹೋದ್ರು. ಮಕ್ಕಳನ್ನ ಸಂತ್ಯಾಗ ಬಿಟ್ಟಂಗ ಬಿಟ್ಟು ಹೋಗ್ಯಾರ. ಒಡೀರಿ ಬಾಗ್ಲಾ. ಮಾರಿಗೆ ಮಾರಿ ಕೊಟ್ಟು ಕೇಳೂಣು.”

ಆ ಗರ್ಜನೆಗೆ ಪ್ರತಿಗರ್ಜನೆಯಾಗಿ ಎದ್ದನು ತಾಮ್ರತಂತುವಲಯವಿದ್ಯಾಧುರಂಧರ, ದಗ್ಧಮೋಟರುಪುನರುಜ್ಜೀವನಪಟು, ಮೋಟರ್ ವೈಂಡಿಂಗ್ ಅಂಗಡಿಯ ದಾವಲಸಾಬ ನದಾಫ. ಕಿಸೆಯಲ್ಲಿ ಮಿನುಗುವ ಟೆಸ್ಟರನ್ನು ಖಡ್ಗದಂತೆ ಸ್ಪರ್ಶಿಸಿ ಅವನು ನುಡಿದನು: “ಸರ್, ನಿಮ್ಮ ವ್ಯಾಕರಣ ಸಾಲ್ಯಾಗ ಇಟ್ಕೋರಿ. ಮೊನ್ನಿ ನಾನಽ ಒಂದು ಮೋಟರ್ ಸುಟ್ಟೆ. ಗಿರಾಕಿಗೆ ಏನಂದೆ? ‘ಸುಟ್ಟುಬಿಟ್ಟೆರೀ’ ಅಂದೆ. ಸುಟ್ಟು, ಬಿಟ್ಟು, ಊರಿಗೆ ಹೋದೆ ಅಂತೇನು ಅದರ ಅರ್ಥ? ಇದೂ ಹಂಗಽ. ಮಾಡಬೇಕಂತ ಮಾಡಿಲ್ಲ. ಮಾಡಿಬಿಟ್ರು. ಕೈ ತಪ್ಪಿ ಆಗಿ ಹೋತು. ಈಗ ನಾಚಿಕ್ಯಾಗಿ ಒಳಗ ಕುಂತಾರ. ಪಾಪ, ಬಾಗ್ಲಕ ಕೀಲಿ ಹಾಕೂಣು.”

ಇದನ್ನು ಉನ್ನತಶೈಲಿಗೆ ಏರಿಸಲು ಕವಿಗೆ ಸಾಧ್ಯವಾಗಲಿಲ್ಲ.

“ಅದು ‘ಮಾಡಿಬಿಟ್ಟರು’ ಆಗಿದ್ರ ಕೂಡಿಸಿ ಬರೀತಿದ್ದ!” ಎಂದರು ಗುಮಾಸ್ತೆ.

“ಸಾಲು ಮುಗದೈತಿ ಅಲ್ರೀ! ಜಾಗಾ ಇಲ್ಲಂತ ಕೆಳಗ ಇಳದೈತಿ. ಇಳಿದದ್ದು ಬ್ಯಾರೆ ಶಬ್ದ ಅಂತನೋ, ಜಾಗಾ ಸಾಲದಕ್ಕೋ, ನಿಮಗೇನು ಗೊತ್ತು?”

ಮಹಾಜನರೇ, ಇಲ್ಲಿ ಕ್ಷಣಕಾಲ ನಿಲ್ಲಿ. ಸಾಮ್ರಾಜ್ಯಗಳು ಹೆಣ್ಣಿಗಾಗಿ, ಹೊನ್ನಿಗಾಗಿ, ಮಣ್ಣಿಗಾಗಿ ನಾಶವಾದದ್ದನ್ನು ಕೇಳಿದ್ದೀರಿ. ಎರಡು ಶಬ್ದಗಳ ನಡುವೆ ಬೆರಳು ಹಿಡಿಸುವಷ್ಟು ಜಾಗವಿದೆಯೋ ಇಲ್ಲವೋ ಎಂಬುದಕ್ಕಾಗಿ ನಾಶವಾಗಹೊರಟ ಸಾಮ್ರಾಜ್ಯಗಳು ಇವೇ. ಬರೆದವನನ್ನು ಕೇಳುವಂತಿರಲಿಲ್ಲ.

ಇಬ್ಬರೂ ಒಟ್ಟಿಗೇ ಶಿವಲೀಲೆಯತ್ತ ತಿರುಗಿದರು.

“ನೀವಽ ಹೇಳ್ರಿ ವೈನಿ,” ಎಂದ ದಾವಲಸಾಬ. ಗೆಳೆಯನ ಹೆಂಡತಿಯನ್ನು ಅವನು ಅತ್ತಿಗೆಯೆಂದೇ ಕರೆಯುತ್ತಿದ್ದ. “ಅವಾ ಹೆಂಗ ಅಂತಿದ್ದ? ಕೂಡಿಸಿ ಅಂತಿದ್ನೋ, ಬಿಡಿಸಿ ಅಂತಿದ್ನೋ?”

ಶಿವಲೀಲಾ ಪರದೆಯನ್ನು ನೋಡುತ್ತಿದ್ದಳು. ಜೋಳಗ್ರಹದಲ್ಲಿ ಇರುಳಾಗಿತ್ತು, ದೀಪಗಳು ಒಂದೊಂದಾಗಿ ಹೊತ್ತುತ್ತಿದ್ದವು.

“ಅವರು ಮಾತಾಡೂವಾಗ ನಡುವ ಜಾಗಾ ಬಿಡ್ತಿದ್ರೋ ಇಲ್ಲೋ, ನಾ ನೋಡಿಲ್ಲರೀ,” ಎಂದಳು. ಅನಂತರ, “ಬಿಟ್ಟು ಹೋಗೂ ಪೈಕಿ ಇರಲಿಲ್ಲ,” ಎಂದಳು. ಮತ್ತೆ, “ಕೈ ತಪ್ಪಿ ಮಾಡೂ ಪೈಕಿನೂ ಇರಲಿಲ್ಲ,” ಎಂದಳು.

ಚೀಲದಲ್ಲಿ ಕಾಲುಭಾಗ ಜೋಳ ಉಳಿದಿತ್ತು.

“ಸುಮ್ಮ ಕುಂತ್ರ ಹೆಂಗೂ ಬೂದಿ!” ಎನ್ನುತ್ತ ಗುಮಾಸ್ತೆಯವರು ಮೌಸಿನ ಮೇಲೆ ಎರಗಿದರು. ದಾವಲಸಾಬನೂ ಎರಗಿದ. ಶಿವಲೀಲಾ ಕೈ ಹಿಂದಕ್ಕೆ ತೆಗೆದುಕೊಂಡಳು. ದೇವಾಸುರರು ಕ್ಷೀರಸಾಗರದ ಎರಡು ದಡಗಳಲ್ಲಿ ನಿಂತು ವಾಸುಕಿಯನ್ನು ಎಳೆದಂತೆ ಆ ವೀರಯುಗ್ಮವು ಮೌಸಿನ ತಂತಿಯನ್ನು ಅತ್ತಿತ್ತ ಎಳೆಯತೊಡಗಲು, ಮೇಜೆಂಬ ಮಂದರಪರ್ವತವು ಕಿರ್ರೆಂದು ತಿರುಗಿತು. ನೀರಿನ ತಂಬಿಗೆಯೆಂಬ ಕಲಶ ಉರುಳಿತು. ಗುಮಾಸ್ತೆಯವರ ಎಡಗಾಲಿನ ಚಪ್ಪಲಿಯು ಉತ್ತರಾಯಣದ ಸೂರ್ಯನಂತೆ ಉತ್ತರ ದಿಕ್ಕಿಗೆ ಪ್ರಯಾಣ ಬೆಳೆಸಿತು.

“ಬಿಡ್ರಿ ಸರ್!”

“ಯಾವ ‘ಬಿಡ್ರಿ’ ಅದು? ಸಹಾಯಕ ಕ್ರಿಯಾಪದನೋ, ಮುಖ್ಯ ಕ್ರಿಯಾಪದನೋ?”

“ಕೈ ಬಿಡ್ರಿ ಅಂದೆ, ಮಾರಾಯರ!”

ಅಷ್ಟರಲ್ಲಿ ಪಾತಾಳದಿಂದ ಅಶರೀರವಾಣಿಯೊಂದು ಮೊಳಗಿತು. ಅದು ನೀಲವ್ವನದು. “ಏ, ಮ್ಯಾಲ ಏನ್ ಕುಸ್ತಿ ಹಿಡದೀರಿ? ಜಂತಿ ಮಣ್ಣು ಹಿಟ್ಟಿನಾಗ ಬೀಳಾಕತ್ತೈತಿ! ಊಟಕ್ಕ ಬರ್ತೀರೋ ಇಲ್ಲೋ? ರೊಟ್ಟಿ ಮುಗಿಯಾಕ ಬಂದಾವ.”

ಸಮರವು ಪರಾಕಾಷ್ಠೆಗೇರಿತ್ತು. ಮೇಜಿನ ಮೇಲೆ, ಬೆಳಗಿನ ಅವಲಕ್ಕಿಗೆಂದು ತಂದಿಟ್ಟ ಶೇಂಗಾಚಟ್ನಿಪುಡಿಯ ಬಟ್ಟಲು ದಾವಲಸಾಬನ ಮೊಣಕೈಗೆ ತಗಲಿ ಮೇಲಕ್ಕೆ ಹಾರಿತು. ರಣಧೂಳಿಯಂತೆ, ರಕ್ತಸಂಧ್ಯೆಯಂತೆ ಕೆಂಪುಪುಡಿಯೊಂದು ಕೋಣೆಯನ್ನೆಲ್ಲ ಕವಿಯಿತು. ಆ ರಜಸ್ಸು ವಿಭಕ್ತಿಪ್ರತ್ಯಯಪ್ರಚಂಡರ ನಾಸಿಕಾಗುಹೆಯನ್ನು ಹೊಕ್ಕಿತು. ಒಂದು ನಿಮಿಷ ಲೋಕವೇ ಉಸಿರು ಬಿಗಿಹಿಡಿಯಿತು. ಅನಂತರ ಅವರು ಸೀನಿದರು.

ಅದು ಸಾಮಾನ್ಯವಾದ ಸೀನಲ್ಲ. ಸಂಸ್ಕೃತದಲ್ಲಿ ಅದನ್ನು ಕ್ಷವಥು ಎನ್ನುತ್ತಾರೆ. ಆ ಶಬ್ದಕ್ಕೂ ಇದು ಹೆಚ್ಚಾಯಿತು. ಸೀನಿನ ರಭಸಕ್ಕೆ ಅವರು ಮುಂದಕ್ಕೆ ಬಾಗಿ ಎರಡೂ ಅಂಗೈಗಳನ್ನು ಕೀಲಿಮಣೆಯ ಮೇಲೆ ಊರಿದರು. ಯಾವ ಕೀಲಿಗಳು ಒತ್ತಿಹೋದವೋ ಅವರಿಗೂ ತಿಳಿಯದು.

ಪರದೆಯ ಮೇಲಿನ ಅಕ್ಷರಗಳು ಕುಗ್ಗಿದವು.

ಕುಂಬಳಕಾಯಿಯಷ್ಟಿದ್ದವು ನಿಂಬೆಹಣ್ಣಿನಷ್ಟಾದವು, ನಿಂಬೆಹಣ್ಣಿನಷ್ಟಿದ್ದವು ಜೋಳದ ಕಾಳಿನಷ್ಟಾದವು. ಹಾಗೆ ಕುಗ್ಗಿದಾಗ ಬಾಗಿಲ ಮೇಲೆ ಜಾಗ ಉಳಿಯಿತು. ಆ ಜಾಗಕ್ಕೆ, ಇಷ್ಟು ಹೊತ್ತು ಪರದೆಯ ಕೆಳಗೆ ಅಡಗಿ ಕೂತಿದ್ದ ಇನ್ನೊಂದು ಸಾಲು ಎದ್ದು ಬಂದಿತು. ಎರಡು ಗುಂಡಿಗಳ ಕೆಳಗೆ ಮೂರನೆಯದೂ ಎದ್ದು ಬಂದಿತು.

ದಾವಲಸಾಬ ತಂತಿಯನ್ನು ಕೈಬಿಟ್ಟ. “ಸರ್,” ಎಂದ ಮೆಲ್ಲಗೆ. “ಅಕ್ಷರ ದೊಡ್ಡವು ಮಾಡಿದವರು ಯಾರು?”

ಸಂಧಿಸಮಾಸವನಸಂಚಾರಕೇಸರಿಗಳು ಚಪ್ಪಲಿ ಹುಡುಕತೊಡಗಿದರು.

“ನನಗ ಕಾಣಸವೊಲ್ಲವು ಅಂತ ದೀಪಾವಳಿ ಟೈಮಿಗೆ ಸ್ವಲ್ಪ ದೊಡ್ಡವು ಮಾಡಿದ್ದೆ,” ಎಂದರು, ಮೇಜಿನ ಕೆಳಗಿನಿಂದ.

“ಸ್ವಲ್ಪ!”

“ಮೂರನೇ ಸಾಲು ಇರ್ತದಂತ ನನಗೇನು ಕನಸು ಬಿದ್ದಿತ್ತೇನೋ?”

“ಒಂದು ಚಾಳೀಸು ಹಾಕ್ಕೊಳ್ಳಾರದ್ದಕ್ಕ ಇಷ್ಟೆಲ್ಲಾ ಮಂದಿ ಸಾಯ್ತಿದ್ರಲ್ರೀ!”

ಶಿವಲೀಲಾ ಓದುತ್ತಿದ್ದಳು. ಮೊದಲಿಗರ ಮನಸ್ಸು, ಯುಗಯುಗಾಂತರಗಳ ಮೌನವನ್ನು ಸೀಳಿ, ಪೂರ್ಣಪಾಠದಲ್ಲಿ ಹೀಗೆ ನಿಂತಿತ್ತು:

ಮೊದಲಿಗರು ನಮ್ಮನ್ನು ಮಾಡಿ
ಬಿಟ್ಟರು
ತೇಗು.

ಅವಳು ಅದನ್ನು ಮತ್ತೊಮ್ಮೆ ಓದಿದಳು. ಅವಳ ಬಾಯಿಂದ ಒಂದು ಸದ್ದು ಬಂತು. ಗೆಳೆಯರು ಮೊದಲು ಅಳುವೆಂದೇ ತಿಳಿದರು. ಗುಮಾಸ್ತೆಯವರು ಮೇಜಿನ ಕೆಳಗೆ ಹುಡುಕುವುದನ್ನು ನಿಲ್ಲಿಸಿದರು. ಅಳುವಲ್ಲ, ಅವಳು ನಗುತ್ತಿದ್ದಳು. ಚಟ್ನಿಪುಡಿ ಕಣ್ಣಿಗೂ ಹೋಗಿದ್ದರಿಂದ ಕಣ್ಣಲ್ಲಿ ನೀರೂ ಬರುತ್ತಿತ್ತು.

“ಹೊಟ್ಟಿ ತುಂಬಿತ್ತ್ರೀ ಅವರಿಗೆ,” ಎಂದಳು. “ಅಷ್ಟಽ. ಮಾಡಿ ಹೊಟ್ಟಿ ತುಂಬಿತ್ತು.”

ಜೋಳದ ಚೀಲದಲ್ಲಿ ಒಂದು ಹಿಡಿ ಉಳಿದಿತ್ತು. ಮೂರನೆಯ ಗುಂಡಿಯ ಮೇಲೆ ‘ಬಾಗಿಲು ತಟ್ಟಿರಿ’ ಎಂದಿತ್ತು. ಅವಳು ಮೌಸನ್ನು ಹತ್ತಿರಕ್ಕೆಳೆದುಕೊಂಡು, ಒರೆಸಿ, ಒತ್ತಿದಳು.

ಬಾಗಿಲು ತೆರೆಯಲಿಲ್ಲ. ಗ್ರಹಗಳು ಬೂದಿಯಾಗಲಿಲ್ಲ. ಕೋಟ್ಯನುಕೋಟಿ ವರ್ಷಗಳ ಆಚೆಯಿಂದ, ಆದಿಸೃಷ್ಟಿಕರ್ತರಾದ ಮೊದಲಿಗರು ತಮ್ಮ ಸೃಷ್ಟಿಯ ಜೊತೆ ಮೊಟ್ಟಮೊದಲ ಬಾರಿಗೆ ಮಾತನಾಡಿದರು. ಬಾಗಿಲ ಮೇಲೆ ಅಕ್ಷರಗಳು ಮೂಡಿದವು:

ಯಾರು? ಊಟ ಆತೇನು?

ಕೆಳಗೆ ‘ಹೌದು’, ‘ಇಲ್ಲ’.

“ಹೌದು ಅನ್ನು ತಂಗಿ, ಬಾಗ್ಲಾ ತೆಗೀಬಹುದು,” ಎಂದರು ಗುಮಾಸ್ತೆ, ಒಂದು ಕಾಲಿಗೆ ಚಪ್ಪಲಿ ಇಲ್ಲದೆ.

“ಸುಳ್ಳು ಹ್ಯಾಂಗ ಹೇಳಲಿ?” ಎಂದು ಶಿವಲೀಲಾ ‘ಇಲ್ಲ’ ಒತ್ತಿದಳು.

ಮೊದಲಿಗರು ಸ್ವಲ್ಪ ಯೋಚಿಸಿದಂತೆ ಕಂಡಿತು. ಅನಂತರ ಬರೆದರು: ಹಂಗಾದ್ರ ಉಂಡು ಬರ್ರಿ. ನಾವು ಇಲ್ಲೇ ಅದೀವಿ.

ಆಟ ಅಲ್ಲಿಗೆ ನಿಂತಿತು. ಸೋರುತ್ತಿದ್ದ ಚೀಲವೂ ನಿಂತಿತು. ಜೋಳಗ್ರಹದ ದೀಪಗಳು ಉರಿಯುತ್ತಿದ್ದವು. ಒತ್ತಲು ಇನ್ನೇನೂ ಇರಲಿಲ್ಲ.

ಹೀಗೆ ಸಮಸ್ತ ಬ್ರಹ್ಮಾಂಡವನ್ನು ಪ್ರಳಯದಿಂದ ಪಾರುಮಾಡಿದ ವೀರತ್ರಯವು ಮರದ ಏಣಿಯನ್ನು ಇಳಿದು ಖಾನಾವಳಿಯನ್ನು ಪ್ರವೇಶಿಸಿತು. ಶಂಖ ಮೊಳಗಲಿಲ್ಲ. ಹೂಮಳೆ ಸುರಿಯಲಿಲ್ಲ. ನೀಲವ್ವ ಮೂರನೆಯವಳನ್ನು ನೋಡಿದಳು, ಒಂದು ತಾಟು ಹೆಚ್ಚು ತೆಗೆದಳು.

“ರೊಟ್ಟಿ ಮುಗದ್ವು. ಕರೆದಾಗ ಬರಬೇಕಿತ್ತು. ಅನ್ನ ಐತಿ, ಕಟ್ಟಿನ ಸಾರು ಐತಿ.”

“ಎಣಗಾಯಿ?” ಎಂದ ದಾವಲಸಾಬ.

“ಒಂದಽ ಐತಿ.”

ಆ ಒಂದು ಬದನೆಕಾಯಿಯ ಬಗ್ಗೆ ಇನ್ನೊಂದು ಮಹಾಸಮರ ನಡೆಯಬಹುದಿತ್ತು. ನೀಲವ್ವ ಅದನ್ನು ಶಿವಲೀಲೆಯ ತಾಟಿಗೆ ಹಾಕಿ ಮುಗಿಸಿದಳು.

ಶಿವಲೀಲಾ ಉಂಡಳು. ಅನ್ನ ತಣ್ಣಗಾಗಿತ್ತು, ಸಾರು ಬಿಸಿಯಿತ್ತು. ಇನ್ನೊಂದು ಸಲ ಅನ್ನ ಹಾಕಿಸಿಕೊಂಡಳು. ಉಂಡು ಮುಗಿಸಿ, ಲೋಟದ ನೀರು ಕುಡಿದು, ಗೋಡೆಗೆ ಒರಗಿದಳು. ಆಗ, ಅಷ್ಟದಿಕ್ಪಾಲಕರು ಕಿವಿಗೊಟ್ಟು ನಿಂತಿರಲು, ಗುಮಾಸ್ತೆಯವರು ತುತ್ತನ್ನು ಬಾಯಿಯ ಬಳಿ ತಡೆಹಿಡಿದಿರಲು, ದಾವಲಸಾಬನು ಗೋಡೆಯ ಸೌಟುಗಳನ್ನು ಆಶೆಯಿಂದ ನೋಡುತ್ತಿರಲು, ಅವಳು ಬಿಟ್ಟಳು.

ಒಂದು ಸೌಟೂ ಅಲುಗಲಿಲ್ಲ.

“ಇಷ್ಟಽ ಏನು?” ಎಂದಳು ನೀಲವ್ವ, ತಾಟು ಎತ್ತುತ್ತ.